ನಾರ್ವೆ ಸರ್ಕಾರಗಳ ನೋಟ್ಸ್: ಪಟ್ಟಿ ಇದೆ, ಸೀಟಿನ ಲೆಕ್ಕ ಇಲ್ಲ

ಬಳ್ಳಾರಿಯ ರಾಯಲ್ ಸರ್ಕಲ್ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುವವರಿಗೆಂದು ಸ್ಪೈರಲ್ ಹಾಕಿಟ್ಟ ನೋಟ್ಸ್ ಸಿಗುತ್ತವೆ. ಅದರಲ್ಲಿ ತುಲನಾತ್ಮಕ ಸರ್ಕಾರಗಳ ಕಟ್ಟಿನೊಳಗಿರುವ ನಾರ್ವೆ ಭಾಗದ ಬಗ್ಗೆ ಮಾತ್ರ ಈ ವಿಮರ್ಶೆ.

ಶುರು ಚೆನ್ನಾಗಿದೆ. 1814ರ ಐಡ್ಸ್‌ವೋಲ್ ಸಂವಿಧಾನ, ಸಂಸತ್ತಿನ ಬಹುಮತಕ್ಕೆ ರಾಜ ಮಣಿದು 1884ರಲ್ಲಿ ಯೋಹಾನ್ ಸ್ವೆರ್‌ಡ್ರುಪ್ ಅವರನ್ನು ಪ್ರಧಾನಿ ಮಾಡಿದ್ದು, 1905ರಲ್ಲಿ ಸ್ವೀಡನ್‌ನಿಂದ ಬೇರೆಯಾದದ್ದು, ಎಲ್ಲವೂ ಅಚ್ಚುಕಟ್ಟು. 1928ರ ಮೊದಲ ಲೇಬರ್ ಸರ್ಕಾರ ಬರೀ 18 ದಿನ ಬದುಕಿತೆಂಬುದೂ ಇದೆ.

ತೊಂದರೆ ಬರುವುದು ಯುದ್ಧಕಾಲದಿಂದ. ಕ್ವಿಸ್ಲಿಂಗ್‌ನನ್ನು ಪ್ರಧಾನಿಗಳ ಪಟ್ಟಿಯಲ್ಲೇ ಕೂರಿಸಿದ್ದಾರೆ. ಅವನು ಜರ್ಮನ್ನರು ಕೂರಿಸಿದ ಆಳು. ಕಾನೂನುಬದ್ಧ ಸರ್ಕಾರ ನ್ಯೂಗೋರ್ಸ್‌ವೋಲ್ಡ್ ಅವರದು. 1935ರಲ್ಲಿ ರೈತ ಪಕ್ಷದ ಬೆಂಬಲದಿಂದ ಬಂದ ಅದು 1940ರ ಜೂನ್‌ನಿಂದ ಲಂಡನ್ನಿನಲ್ಲಿ ಕೂತು ಆಡಳಿತ ನಡೆಸಿತು. ಕ್ವಿಸ್ಲಿಂಗ್ ಹೆಸರು ಹೊಡೆದು ಹಾಕಿ.

ಮುಂದಿನ ಸಾಲು "ಗೇರ್‌ಹಾರ್ಡ್‌ಸೆನ್ 1945–65" ಎನ್ನುತ್ತದೆ. ಇದೂ ತಪ್ಪು. ನಡುವೆ 1951ರಿಂದ 1955ರವರೆಗೆ ಗೇರ್‌ಹಾರ್ಡ್‌ಸೆನ್ ಅವರದೇ ಲೇಬರ್ ಪಕ್ಷದ ಆಸ್ಕರ್ ಟೋರ್ಪ್ ಇದ್ದರು. 1963ರಲ್ಲಿ 28 ದಿನ ಕನ್ಸರ್ವೇಟಿವ್ ಪಕ್ಷದ ಜಾನ್ ಲ್ಯೂಂಗ್ ಆಳಿದರು. ಕಾರಣ, 1962ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಕಿಂಗ್ಸ್ ಬೇ ಕಲ್ಲಿದ್ದಲು ಗಣಿಯಲ್ಲಿ ನಡೆದ ಸ್ಫೋಟಕ್ಕೆ 21 ಜನ ಬಲಿಯಾದದ್ದು. ಗಣಿ ಸರ್ಕಾರದ್ದು, ಹೊಣೆಯೂ ಸರ್ಕಾರದ್ದೇ ಎಂದು ವಿರೋಧ ಪಕ್ಷಗಳು ಗೇರ್‌ಹಾರ್ಡ್‌ಸೆನ್ ಸರ್ಕಾರದ ಮೇಲೆ ಅವಿಶ್ವಾಸ ತಂದವು. ಗಣಿ ಎಂದರೆ ಸರ್ಕಾರ ಅಲುಗಾಡುತ್ತದೆಂದು ಬಳ್ಳಾರಿಯವರಿಗೆ ಬೇರೆ ಹೇಳಬೇಕೆ?

ಆದರೆ ಅವಿಶ್ವಾಸ ಗೆದ್ದದ್ದು ಹೇಗೆ ಎಂಬುದು ನೋಟ್ಸ್‌ನಲ್ಲಿ ಇಲ್ಲವೇ ಇಲ್ಲ. ಪಟ್ಟಿಯ ಬಲಗಡೆ ಒಂದು ಗೆರೆ ಎಳೆದು ಲೇಬರ್ ಸೀಟು ಬರೆದುಕೊಳ್ಳಿ: 1945ರಲ್ಲಿ 76, 1949ರಲ್ಲಿ 85, 1953ರಲ್ಲಿ 77, 1957ರಲ್ಲಿ 78, 1961ರಲ್ಲಿ 74. ಸದನ 150ರದ್ದು, ಬಹುಮತಕ್ಕೆ 76 ಬೇಕು. 1961ರಲ್ಲಿ ಎದುರು ಪಾಳೆಯಕ್ಕೂ 74 ಬಂದು, ಉಳಿದ 2 ಸೀಟು ಎಡಪಂಥೀಯ ಸಮಾಜವಾದಿ ಜನತಾ ಪಕ್ಷದ ಕೈಗೆ ಹೋಯಿತು. 1963ರಲ್ಲಿ ಸರ್ಕಾರ ಬೀಳಿಸಿದ್ದೂ, ಲ್ಯೂಂಗ್ ಅವರನ್ನು ಇಳಿಸಿದ್ದೂ ಆ ಎರಡೇ ಮತ. 1961ರ ನಂತರ ಒಂದೇ ಪಕ್ಷಕ್ಕೆ ಬಹುಮತ ಸಿಕ್ಕಿಲ್ಲ.

ಇನ್ನೊಂದು ದೊಡ್ಡ ಕೊರತೆ: ಸ್ಟೋರ್ಟಿಂಗನ್ನು, ಅಂದರೆ ಅವರ ಸಂಸತ್ತನ್ನು, ನಾಲ್ಕು ವರ್ಷ ಮುಗಿಯದೆ ವಿಸರ್ಜಿಸುವಂತಿಲ್ಲ ಎಂಬ ನಿಯಮ ಎಲ್ಲೂ ಕಾಣುವುದಿಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರು ವಿಧಾನಸಭೆ ವಿಸರ್ಜಿಸಿ ಮತ್ತೆ ಗೆದ್ದು ಬಂದರಲ್ಲ, ಆ ದಾರಿ ಅಲ್ಲಿ ಮುಚ್ಚಿದೆ. 1986ರಲ್ಲಿ ಪೆಟ್ರೋಲ್ ತೆರಿಗೆ ವಿಷಯದಲ್ಲಿ ಪ್ರಧಾನಿ ವಿಲ್ಲೋಕ್ ಸೋತಾಗ ಚುನಾವಣೆ ಇಲ್ಲದೆಯೇ ಬ್ರುಂಟ್‌ಲಾಂಡ್ ಬಂದರು. 2000ದಲ್ಲಿ ಗ್ಯಾಸ್ ವಿದ್ಯುತ್ ಸ್ಥಾವರಗಳ ಜಗಳದಲ್ಲಿ ಪ್ರಧಾನಿ ಬೋಂಡೆವಿಕ್ ಇಳಿದಾಗ ಸ್ಟೋಲ್ಟೆನ್‌ಬರ್ಗ್ ಬಂದದ್ದೂ ಹೀಗೆಯೇ. ಹೊಸ ಸರ್ಕಾರ ಬಹುಮತ ಸಾಬೀತು ಮಾಡಬೇಕಿಲ್ಲ, ವಿರುದ್ಧ ಬಹುಮತ ಇಲ್ಲದಿದ್ದರೆ ಸಾಕು. ಇಷ್ಟು ಗೊತ್ತಿಲ್ಲದೆ ಪಟ್ಟಿ ಬಾಯಿಪಾಠ ಮಾಡಿದರೆ, ಅಲ್ಪಮತದ ಸರ್ಕಾರಗಳು ಇಷ್ಟೊಂದು ಏಕೆ ಎಂಬ ಹತ್ತು ಅಂಕದ ಪ್ರಶ್ನೆಗೆ ಪೆನ್ನು ಏಳುವುದಿಲ್ಲ.

ಪಟ್ಟಿ 2021ಕ್ಕೆ, ಸೋಲ್‌ಬರ್ಗ್ ಅವರಿಗೆ ನಿಂತಿದೆ. ಮುಂದಕ್ಕೆ ಸೇರಿಸಿಕೊಳ್ಳಿ: 2021ರಿಂದ ಸ್ಟೋರೆ, ಲೇಬರ್ ಜೊತೆ ಸೆಂಟರ್ ಪಕ್ಷ, ಯುರೋಪಿಯನ್ ಒಕ್ಕೂಟದ ಇಂಧನ ನಿಯಮಗಳ ಜಗಳದಲ್ಲಿ 2025ರ ಆರಂಭದಲ್ಲಿ ಸೆಂಟರ್ ಹೊರಕ್ಕೆ, ಅದೇ ಸೆಪ್ಟೆಂಬರ್ ಚುನಾವಣೆಯಲ್ಲಿ 169ರಲ್ಲಿ ಲೇಬರ್‌ಗೆ 53, ಸ್ಟೋರೆ ಮುಂದುವರಿಕೆ.

ಪ್ರಿಂಟಿನ ವಿಷಯ. ಪಕ್ಷಗಳ ಬಣ್ಣದ ಚಾರ್ಟ್ ಕಪ್ಪು-ಬಿಳುಪಿನಲ್ಲಿ ತೆಗೆದಿರುವುದರಿಂದ ಲೇಬರ್‌ನ ಕೆಂಪು, ಸೆಂಟರ್‌ನ ಹಸಿರು ಎರಡೂ ಒಂದೇ ಬೂದು. ಸ್ಪೈರಲ್ ತೂತುಗಳು ಇಸವಿಯ ಕಾಲಂ ಮೇಲೇ ಬಿದ್ದು, 1965 ಇರಬೇಕಾದಲ್ಲಿ "65" ಮಾತ್ರ ಉಳಿದಿದೆ. ಬೈಂಡಿಂಗ್ ಮಾಡದ ಪ್ರತಿ ಕೇಳಿ, ಎಡಕ್ಕೆ ಒಂದು ಇಂಚು ಬಿಟ್ಟು ತೂತು ಹಾಕಿಸಿಕೊಳ್ಳಿ. 5ಕ್ಕೆ ಎರಡೂವರೆ, ಅದೂ 1905ರವರೆಗಿನ ಪುಟಗಳಿಗೆ.