ಆಂಪ್ಲಿಫೈಯರ್ ರ‍್ಯಾಕಿಗೆ ಮರೀನ್ ಪ್ಲೈವುಡ್: ಒಂದು ಸೀಸನ್ ದುಡಿಸಿದ ಮೇಲೆ

ಯಕ್ಷಗಾನದ ಆಟ, ಮದುವೆ, ಜಾತ್ರೆಗೆ ಸೌಂಡ್ಸ್ ಹಾಕುವುದು ನಮ್ಮ ಕಸುಬು. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿಯ ಆಂಪ್ಲಿಫೈಯರ್ ಎರಡು, ಜೊತೆಗೊಂದು ಸ್ಟೆಬಿಲೈಸರ್. ಎಲ್ಲಾ ಸೇರಿ 60 ಕಿಲೋ ಮೇಲೆ. ಇಷ್ಟನ್ನೂ ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ, ಗದ್ದೆಯಲ್ಲಿಳಿಸಿ, ಬೆಳಗಿನವರೆಗೆ ಮಂಜಿನಲ್ಲಿ ಇಡಬೇಕು. ಇವನ್ನೆಲ್ಲ ಕೂರಿಸುವ ರ‍್ಯಾಕ್ ಆಗಿ ಹಿಂದೆ ಇದ್ದದ್ದು ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಬಾಕ್ಸ್. ನೀರು ಕುಡಿದು ಅಡಿ ಉಬ್ಬಿ, ಚಕ್ರದ ಸ್ಕ್ರೂಗಳು ಪುಡಿ ಸಮೇತ ಎದ್ದು ಬಂದವು. ಹಾಗಾಗಿ ಕಳೆದ ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದ ಬಿಡುವಿನಲ್ಲಿ ಮನೆ ಅಂಗಳದಲ್ಲೇ ಹೊಸದು ಮಾಡಿದೆ. ತಂದದ್ದು 18 ಮಿಮೀ ಮರೀನ್ ಪ್ಲೈವುಡ್.

ಮರೀನ್ ಅಂದರೆ ಐಎಸ್ 710 ಎಂಬ ಭಾರತೀಯ ಮಾನದಂಡದ ದರ್ಜೆಯದು. ಬರೀ ವಾಟರ್‌ಪ್ರೂಫ್ ಅಂತ ಸ್ಟಿಕ್ಕರ್ ಇದ್ದರೆ ಸಾಲದು, ಐಎಸ್‌ಐ ಗುರುತಿನ ಜೊತೆ 710 ಎಂದು ಶೀಟಿನ ಮೇಲೆ ಅಚ್ಚಾಗಿರಬೇಕು. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ಇದಕ್ಕಿರುವ ಪರೀಕ್ಷೆ. ಚದರಡಿಗೆ 100 ರೂಪಾಯಿ ದಾಟುತ್ತದೆ, ಎಂಟು-ನಾಲ್ಕರ ಒಂದು ಶೀಟ್ ಅಂದರೆ 32 ಚದರಡಿ. ದುಬಾರಿ ಹೌದು. ಆದರೆ ಒಂದೇ ಶೀಟಿನಲ್ಲಿ ಬಾಕ್ಸ್ ಪೂರ್ತಿ ಆಗಿ, ಒಳಗಿನ ಹಲಗೆಗೂ ಉಳಿಯಿತು.

ತೆಗೆದುಕೊಳ್ಳುವಾಗ ಮುಖ ನೋಡಬೇಡಿ, ಅಂಚು ನೋಡಿ. ಅಂಗಡಿಯವರು ಮೊದಲು ಎಳೆದ ಶೀಟಿನ ಮುಖ ಕನ್ನಡಿ ಹಾಗೆ ಇತ್ತು. ಅಂಚಿನಲ್ಲಿ ಮಾತ್ರ ನಡುವಿನ ಎರಡು ಪದರಗಳ ಮಧ್ಯೆ ಬೆಂಕಿಕಡ್ಡಿ ಹೋಗುವಷ್ಟು ಸಂದು. ಸ್ಕ್ರೂ ಅಲ್ಲಿಗೇ ಬಿತ್ತೆಂದರೆ ಹಿಡಿತವೇ ಇಲ್ಲ. ಬೇರೆ ಕೇಳಿದೆ, ಮುಖ ಸಿಂಡರಿಸದೆ ಕೊಟ್ಟರು. ಅಲ್ಲೇ ಮೆಷಿನ್‌ನಲ್ಲಿ ಅಳತೆಗೆ ಕೊಯ್ಸಿಕೊಂಡೆ. ಮೂಲೆಗಳು ಪಕ್ಕಾ 90 ಡಿಗ್ರಿ ಬಂದವು, ಕೈ ಗರಗಸದಲ್ಲಿ ನಮ್ಮಿಂದ ಅದು ಸಾಧ್ಯವೇ ಇಲ್ಲ. ಅಡ್ಡ ಕೊಯ್ದ ಕಡೆ ಕೆಳಮುಖದಲ್ಲಿ ಸ್ವಲ್ಪ ಚಕ್ಕೆ ಎದ್ದಿತು. ಗೆರೆ ಮೇಲೆ ಟೇಪ್ ಅಂಟಿಸಿ ಕೊಯ್ಯಲು ಹೇಳಿ, ಕಡಿಮೆ ಆಗುತ್ತದೆ.

ಇನ್ನು ಜೋಡಣೆ. ನಕ್ಷೆ ತೋರಿಸಿದಾಗ ನಮ್ಮೂರ ಬಡಗಿ ಆಚಾರ್ರು ಹೇಳಿದ್ದು ಒಂದೇ ಮಾತು: "ಭಾರ ಸ್ಕ್ರೂ ಮೇಲೆ ಕೂರಬಾರದು ಮಾರಾಯ್ರೆ, ಮರದ ಮೇಲೆ ಕೂರಬೇಕು." ಅದಕ್ಕೇ ಎರಡೂ ಬದಿಯ ಹಲಗೆಗಳನ್ನು ಅಡಿ ಹಲಗೆಯ ಮೇಲೆ, 6 ಮಿಮೀ ಆಳದ ಗ್ರೂವ್‌ನಲ್ಲಿ ನಿಲ್ಲಿಸಿದೆ. ಫೆವಿಕಾಲ್ ಮರೀನ್ ಹಚ್ಚಿ, ಕ್ಲಾಂಪ್ ಬಿಗಿದು ಒಂದು ರಾತ್ರಿ ಬಿಟ್ಟೆ. ಪ್ಲೈ ಅಂಚಿಗೆ ನೇರವಾಗಿ ಹೊಡೆದ ಸ್ಕ್ರೂ ಪದರ ಸೀಳುತ್ತದೆ. ಮೊದಲು ಸಣ್ಣ ತೂತು ಕೊರೆಯಲೇಬೇಕು. ಒಳಮೂಲೆಗಳಿಗೆ ಸಾಗುವಾನಿ ರೀಪರ್ (ಮರದ ಪಟ್ಟಿ) ಕೊಟ್ಟಿದ್ದೇನೆ. ಈಗ ಇಬ್ಬರು ಎರಡು ಕಡೆ ಹಿಡಿದು ಎತ್ತಿದರೂ ಒಂದು ಕಿರ್ ಶಬ್ದ ಇಲ್ಲ.

ಅಳತೆ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ರ‍್ಯಾಕಿನ ಉಪಕರಣಗಳ ಮುಂಭಾಗದ ಪಟ್ಟಿ 19 ಇಂಚು, ಅಂದರೆ 482.6 ಮಿಮೀ. ಎತ್ತರದ ಒಂದು ಯೂನಿಟ್ 44.45 ಮಿಮೀ. ನನ್ನದು 10 ಯೂನಿಟ್, ಒಳ ಎತ್ತರ 445ಕ್ಕಿಂತ ತುಸು ಜಾಸ್ತಿ ಇಟ್ಟೆ. ಎಲ್ಲಕ್ಕಿಂತ ಮುಖ್ಯ ಹಿಂದಿನ ಆಸರೆ. ಭಾರದ ಆಂಪ್ಲಿಫೈಯರನ್ನು ಬರೀ ಮುಂದಿನ ನಾಲ್ಕು ಸ್ಕ್ರೂಗೆ ನೇತು ಹಾಕಿದರೆ ಹೊಂಡ ಬಿದ್ದ ರಸ್ತೆಯಲ್ಲಿ ಅದರ ಕಿವಿಗಳೇ (ಸ್ಕ್ರೂ ಹಾಕುವ ಬದಿಯ ಅಂಚುಗಳು) ಬಗ್ಗುತ್ತವೆ. ಪ್ರತಿಯೊಂದರ ಅಡಿಗೂ ಎರಡು ಬದಿ ಉದ್ದಕ್ಕೆ ರೀಪರ್ ಹಾಕಿ, ಅದರ ಮೇಲೆ ಕೂರಿಸಿದ್ದೇನೆ. ಹಿಂಬದಿ ಪೂರ್ತಿ ಮುಚ್ಚಿಲ್ಲ, ಫ್ಯಾನಿನ ಬಿಸಿ ಗಾಳಿ ಹೊರಗೆ ಹೋಗಬೇಕಲ್ವಾ?

ಚಕ್ರ 4 ಇಂಚಿನವು, ಎರಡಕ್ಕೆ ಬ್ರೇಕ್. ತಗ್ಗುದಿಣ್ಣೆಯ ನೆಲದಲ್ಲಿ ಯಾವಾಗಲೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಅದಕ್ಕೆ ಒಟ್ಟು ಭಾರವನ್ನು ಮೂರರಿಂದ ಭಾಗಿಸಿ, ಅಷ್ಟು ತಡೆಯುವ ಚಕ್ರ ಕೇಳಿ. ಮರದ ಸ್ಕ್ರೂ ಬೇಡ, ಹಲಗೆ ದಾಟುವ ಬೋಲ್ಟ್, ಅಗಲ ವಾಷರ್, ನೈಲಾಕ್ ನಟ್ (ಅಲುಗಾಟಕ್ಕೆ ಸಡಿಲಾಗದ ನಟ್) ಹಾಕಿ.

ಒಂದು ಸೀಸನ್ ಆಯಿತು. ಅಡಿ ಹಲಗೆ ಒಂಚೂರೂ ಉಬ್ಬಿಲ್ಲ, ಕೂಡು ಬಿಟ್ಟಿಲ್ಲ. ದೂರು ಒಂದೇ, ತೂಕ. ಪೂರ್ತಿ ಶೀಟೇ 35 ಕಿಲೋ ಆಸುಪಾಸು, ಖಾಲಿ ಬಾಕ್ಸನ್ನೂ ಒಬ್ಬನೇ ಪಿಕಪ್‌ಗೆ ಏರಿಸಲು ಕಷ್ಟ. ಆಂಪ್ಲಿಫೈಯರ್, ಬ್ಯಾಟರಿಯಂಥ ಭಾರಕ್ಕೆ 18 ಮಿಮೀ ಬಿಟ್ಟು ಬೇರೆ ಯೋಚಿಸಬೇಡಿ. ಮಿಕ್ಸರ್, ಮೈಕುಗಳಿಗೆ ಅಷ್ಟು ದಪ್ಪ ಸುಮ್ನೆ ದಂಡ. ಅವಕ್ಕೆ ಇದೇ ದರ್ಜೆಯ 12 ಮಿಮೀ ಹೇಳಿದ್ದೇನೆ, ಮುಂದಿನ ಲೋಡಿನಲ್ಲಿ ಬರುತ್ತದಂತೆ.