ಬಿ.ಎಚ್. ರಸ್ತೆಯ ಕಟ್ಟಿನಂಗಡಿಯಲ್ಲಿ ಕ್ಯಾಲಿಗರಿಯ ನೆರಳು

ತುಮಕೂರಿನ ಬಿ.ಎಚ್. ರಸ್ತೆಯ ಈ ಪುಟ್ಟ ಅಂಗಡಿಯಲ್ಲಿ ದೇವರ ಪಟಗಳದ್ದೇ ಮುಖ್ಯ ವ್ಯಾಪಾರವಾದರೂ, ನಾವು ಕೊಟ್ಟ ಡಿಜಿಟಲ್ ಚಿತ್ರವನ್ನೂ ಮುದ್ರಿಸಿ ಕಟ್ಟು ಹಾಕಿಕೊಡುತ್ತಾರೆ. ನಾನು ಕೊಟ್ಟದ್ದು 1920ರ ಜರ್ಮನ್ ಮೂಕಿಚಿತ್ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'ಯ ಒಂದು ದೃಶ್ಯ. ದೀಪದ ಬೆಳಕನ್ನಷ್ಟೇ ನೆಚ್ಚದೆ ನೆರಳುಗಳನ್ನು ಸೆಟ್ಟಿನ ಮೇಲೆ ಬಣ್ಣದಲ್ಲೇ ಬರೆದಿದ್ದ ಆ ಚಿತ್ರದಲ್ಲಿ ಸೊಟ್ಟ ಕಿಟಕಿಗಳು, ವಾಲಿದ ಗೋಡೆಗಳೇ ಭಯ ಹುಟ್ಟಿಸುತ್ತವೆ; ಹಾಗಾಗಿ ಕಪ್ಪು ಸರಿಯಾಗಿ ಬರದಿದ್ದರೆ ಮುದ್ರಣಕ್ಕೆ ಅರ್ಥವೇ ಇಲ್ಲ. ಮೊದಲ ಮಾದರಿಯಲ್ಲಿ ಕಪ್ಪು ಬೂದಿಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದಾಗ, ಅಲ್ಲಿನ ಯುವಕರು ಬೇಸರಿಸದೆ ಕಪ್ಪು ಶಾಯಿಯ ಜೊತೆಗೆ ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆಗೆಂಪು) ಶಾಯಿಗಳನ್ನೂ ಬೆರೆಸಿ ಮತ್ತೆ ಮುದ್ರಿಸಿದರು. ಈ ಬಾರಿ ಕಿಟಕಿಯಂಚಿನ ಕುಂಚದ ಗೆರೆಗಳೂ ಸ್ಪಷ್ಟವಾಗಿ ಎದ್ದು ಕಂಡವು. ಇಷ್ಟು ಶ್ರದ್ಧೆ ಅಪರೂಪ. ಹೊಳಪಿನ ಗಾಜನ್ನು ಮಾತ್ರ ಹಾಕಿಸಬೇಡಿ, ಟ್ಯೂಬ್‌ಲೈಟಿನ ಪ್ರತಿಫಲನ ಅಷ್ಟೂ ಕಪ್ಪನ್ನು ನುಂಗಿಬಿಡುತ್ತದೆ.