ಸೈನ್‌ರೈಟಿಂಗ್‌ನ ಯೂನಿಕೋಡ್ ಅಕ್ಷರಗಳು: ಚಿಹ್ನೆಗೆ ಸಾಕು, ಸನ್ನೆಗೆ ಸಾಲದು

ಸಂಜ್ಞಾ ಭಾಷೆಗಳನ್ನು ಬರೆಯಲು ವ್ಯಾಲರಿ ಸಟನ್ 1974ರಲ್ಲಿ ರೂಪಿಸಿದ ಲಿಪಿ ಸೈನ್‌ರೈಟಿಂಗ್. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಮಾನದಂಡ ಯೂನಿಕೋಡ್. 2015ರಲ್ಲಿ ಬಂದ ಅದರ 8.0 ಆವೃತ್ತಿ ಇದಕ್ಕೆ 672 ಅಕ್ಷರಗಳನ್ನು ಕೊಟ್ಟಿತು. ಉಚಿತವಾಗಿ ಸಿಗುವ ನೋಟೋ ಸ್ಯಾನ್ಸ್ ಸೈನ್‌ರೈಟಿಂಗ್ ಫಾಂಟ್ ಹಾಕಿಕೊಂಡರೆ ಸಾಮಾನ್ಯ ಪಠ್ಯದ ನಡುವೆಯೇ ಇವನ್ನು ಬಳಸಬಹುದು.

ಕೈಯ ಆಕಾರ ತೋರಿಸುವುದರಲ್ಲಿ ಈ ವ್ಯವಸ್ಥೆ ನಿಜಕ್ಕೂ ಸೊಗಸು. ಯೂನಿಕೋಡ್‌ನಲ್ಲಿ ಇದಕ್ಕೆ ಮೀಸಲಾದ ಬ್ಲಾಕಿನ ಮೊದಲ ಅಕ್ಷರ, ಸಂಕೇತಸಂಖ್ಯೆ 1ಡಿ800, ಅಂದರೆ ತೋರುಬೆರಳು ಎತ್ತಿದ ಮುಷ್ಟಿ. ಅದೊಂದನ್ನೇ ಹಾಕಿದರೆ ಬೆರಳು ಮೇಲ್ಮುಖ, ಒಳಗೆಲ್ಲ ಬಿಳಿ: ಸನ್ನೆ ಮಾಡುವವರಿಗೆ ತಮ್ಮ ಅಂಗೈ ಕಾಣುತ್ತಿದೆ ಎಂದರ್ಥ. ಅದರ ಬಣ್ಣ ಬದಲಿಸುವ ಜೋಡಣೆ ಅಕ್ಷರ ಫಿಲ್ ಮಾಡಿಫೈಯರ್-2 ಸೇರಿಸಿದರೆ ಅರ್ಧ ಕಪ್ಪು, ಅಂದರೆ ಕೈಯ ಪಕ್ಕ. 3 ಸೇರಿಸಿದರೆ ಪೂರ್ತಿ ಕಪ್ಪು, ಅಂಗೈಯ ಹಿಂಬದಿ. ಅದರ ನಂತರ, ಚಿಹ್ನೆಯನ್ನು ತಿರುಗಿಸುವ ರೊಟೇಶನ್ ಮಾಡಿಫೈಯರ್-3 ಬಂದರೆ ಬೆರಳು 90 ಡಿಗ್ರಿ ಎಡಕ್ಕೆ ತಿರುಗುತ್ತದೆ. ಹೆಜ್ಜೆಗೆ 45 ಡಿಗ್ರಿ ಲೆಕ್ಕ. ರೊಟೇಶನ್ 9ರಿಂದ 16ರವರೆಗಿನವು ಕನ್ನಡಿಬಿಂಬ, ಎಡಗೈಗೆ. ಫಿಲ್-1, ರೊಟೇಶನ್-1 ಎಂಬ ಅಕ್ಷರಗಳನ್ನು ಹುಡುಕಬೇಡಿ, ಇಲ್ಲ. ಏನೂ ಸೇರಿಸದಿದ್ದರೆ ಅದೇ 1.

ಮೊದಲು ಮೂಲ ಚಿಹ್ನೆ, ಆಮೇಲೆ ಫಿಲ್, ಕೊನೆಗೆ ರೊಟೇಶನ್. ಇದು ಹಿಂದುಮುಂದಾದರೆ ಜೋಡಣೆ ಕೆಡುತ್ತದೆ, ಅಕ್ಷರಗಳನ್ನು ಒಂದೇ ಪ್ರಮಾಣಿತ ಕ್ರಮಕ್ಕೆ ತರುವ ಯೂನಿಕೋಡ್‌ನ ನಾರ್ಮಲೈಸೇಶನ್ ಕೂಡ ಅದನ್ನು ಸರಿಪಡಿಸದು.

ಸೋಲುವುದು ಪೂರ್ತಿ ಸನ್ನೆ ಬರೆಯುವಾಗ. ಬೆರಳು ಹಣೆಗೆ ತಾಗುವ ಸನ್ನೆಗೆ ಮೂರು ಚಿಹ್ನೆ ಬೇಕು: ಮುಖದ ವೃತ್ತ, ಕೈ, ಸ್ಪರ್ಶದ ನಕ್ಷತ್ರ. ತಾಗಿದ್ದು ಹಣೆಗೋ ಗಲ್ಲಕ್ಕೋ ಎಂಬುದನ್ನು ಹೇಳುವುದು ನಕ್ಷತ್ರ ಕೂತ ಜಾಗ. ಯೂನಿಕೋಡ್ ಅಕ್ಷರಗಳಿಗೆ ಆ ಜಾಗದ ಅರಿವೇ ಇಲ್ಲ. ಮೂರೂ ಸಾಲಾಗಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಓದುವ ಕಿವುಡರಿಗೆ ಅದು ಕಾಗುಣಿತ ಬಿಡಿಸಿಟ್ಟ ಪದವೂ ಅಲ್ಲ, ಬರೀ ಬಿಡಿಭಾಗ. ಕೈ ಆಕಾರಗಳ ಪಟ್ಟಿ, ನಿಘಂಟಿನ ಸೂಚಿ, ಪಾಠದ ವಿವರಣೆ ಇವಕ್ಕಷ್ಟೇ ಈ ಅಕ್ಷರಗಳನ್ನು ಇಟ್ಟುಕೊಳ್ಳಿ.

ಪೂರ್ತಿ ಸನ್ನೆಗೆ ಫಾರ್ಮಲ್ ಸೈನ್‌ರೈಟಿಂಗ್ ಎಂಬ ಬೇರೆ ಸಂಕೇತ ಪದ್ಧತಿ ಬೇಕು. ಅದು ಮಾಮೂಲಿ ಆಸ್ಕಿ ಅಕ್ಷರಗಳಲ್ಲೇ (ಇಂಗ್ಲಿಷ್ ಅಕ್ಷರ, ಅಂಕಿಗಳು) ಪ್ರತಿ ಚಿಹ್ನೆಯ ಸಂಕೇತವನ್ನೂ ಅದರ ಅಡ್ಡ, ಉದ್ದ ಸ್ಥಾನವನ್ನೂ ಬರೆದಿಡುತ್ತದೆ. ನಡುಬಿಂದು 500, 500. ವ್ಯಾಪ್ತಿ 250ರಿಂದ 749. ಚಿತ್ರ ಮೂಡಿಸುವುದು ಎಸ್‌ವಿಜಿ ಎಂಬ ಚಿತ್ರರೂಪ. ಹುಡುಕಾಟಕ್ಕೆ ಪಠ್ಯದ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕು.

ಇದರದ್ದೇ ಇನ್ನೊಂದು ರೂಪ ಎಸ್‌ಡಬ್ಲ್ಯೂಯು (ಸೈನ್‌ರೈಟಿಂಗ್ ಇನ್ ಯೂನಿಕೋಡ್). ಅದು 1ಡಿ800 ಮುಂತಾದ ಸ್ಥಾನಗಳನ್ನೇ ಕೈಗಳಿಗಲ್ಲ, ಸನ್ನೆಯ ರಚನೆ ತೋರಿಸುವ ಗುರುತುಗಳಿಗೂ ಸ್ಥಾನದ ಅಂಕಿಗಳಿಗೂ ಬಳಸುತ್ತದೆ. ಆ ಪಠ್ಯವನ್ನು ನೋಟೋದಲ್ಲಿ ತೆರೆದರೆ ಸಂಬಂಧವಿಲ್ಲದ ಕೈಗಳು ಕಾಣಿಸುತ್ತವೆ. ಆಗ ಫಾಂಟನ್ನು ಬೈಯುವ ಮುನ್ನ ಫೈಲು ಯಾವ ರೂಪದ್ದೆಂದು ನೋಡಿ.

ಉಳಿಸುವಾಗಲೂ ಎಚ್ಚರ ಬೇಕು. ಯೂನಿಕೋಡ್ ಪಠ್ಯವನ್ನು ಫೈಲಿನಲ್ಲಿ ಉಳಿಸುವ ಸಾಮಾನ್ಯ ವಿಧಾನ ಯುಟಿಎಫ್-8ರಲ್ಲಿ ಒಂದೊಂದು ಅಕ್ಷರಕ್ಕೆ 4 ಬೈಟ್, ಹಾಗಾಗಿ ಫಿಲ್, ರೊಟೇಶನ್ ಎರಡೂ ಇರುವ ಒಂದು ಕೈಗೆ 12. ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಅಕ್ಷರಕ್ಕೆ 2ರಂತೆ ಎಣಿಸಿ ಅದರ ಉದ್ದವನ್ನು 6 ಎನ್ನುತ್ತದೆ; ಮಧ್ಯೆ ಕತ್ತರಿಸಿದರೆ ತಿರುಗಿದ ಕೈ ನೆಟ್ಟಗಾಗುತ್ತದೆ, ಇಲ್ಲವೇ ಅಕ್ಷರವೇ ಒಡೆಯುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ 3 ಬೈಟಿನ ಹಳೆಯ ಯುಟಿಎಫ್8ರಲ್ಲಿ ಇವು ಹಿಡಿಸುವುದೇ ಇಲ್ಲ, ಯುಟಿಎಫ್8ಎಂಬಿ4 ಆರಿಸಿ.